ಉಪ್ಪಿಗೆ ಯಾವ ಬಣ್ಣ ಕೊಡಲಿ? 1930ರ ಅಂಕೋಲೆಯ ಮಕ್ಕಳ ಚಿತ್ರಪುಸ್ತಕಕ್ಕೆ ಸಹಾಯ ಬೇಕು

ಶಾಯಿಕಡ್ಡಿ
ಎಲ್ಲರಿಗೂ ನಮಸ್ಕಾರ. ನಾನು ಕುಮಟೆಯವಳು, ಈಗ ಇರೂದು ಅಂಕೋಲೆಯಲ್ಲಿ. ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸೂದೇ ನನ್ನ ಹೊಟ್ಟೆಪಾಡು. ಇಷ್ಟು ವರ್ಷ ಹುಲಿ, ನರಿ, ಚಂದಮಾಮ ಬಿಡಿಸಿ ಬಿಡಿಸಿ ಸಾಕಾಗಿತ್ತು. ಈ ಸಲ ನಮ್ಮೂರಿನ ಕತೆಯೇ ಕೈಗೆ ಬಂದಿದೆ: 1930ರ ಏಪ್ರಿಲ್ 13, ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದ ದಿನ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ, 24 ಪುಟ. ಕತೆ ಹೇಳುವವಳು ಎಂಟು ವರ್ಷದ ಹುಡುಗಿ, ಅವಳು ಕಲ್ಪನೆಯವಳು. ಬಂಡಿಹಬ್ಬದ ಹಾಗೆ ಏನೋ ಇದೆ ಅಂದ್ಕಂಡು ಅಪ್ಪನ ಹೆಗಲೇರಿ ಹೋಗ್ತಾಳೆ. ಹೋಗಿ ನೋಡಿದ್ರೆ ಜನ ಜಾತ್ರೆಯಷ್ಟೇ, ಆದ್ರೆ ಬೆಂಡು ಬತ್ತಾಸು ಎಲ್ಲೂ ಇಲ್ಲ. ಬರೆದವರು ಬೇರೆಯವರು, ಚಿತ್ರ ಮಾತ್ರ ನಂದು.

ಪೆನ್ಸಿಲಿನ ಕಚ್ಚಾ ಚಿತ್ರ ಮುಗಿಸಿ, ಒಂದೆರಡಕ್ಕೆ ಬಣ್ಣ ಹಾಕಿ ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. ಉಪ್ಪಿನ ಆಗರದ ಚಿತ್ರ ನೋಡಿ ಅವರು ಕೇಳಿದ್ದು ಒಂದೇ ಮಾತು: "ಇದೆಂತ ಮಗಾ, ಹಿಮಾಲಯ ಪರ್ವತವೋ?" ಬೆಳ್ಳಗೆ ಹೊಳೆಯೂ ಉಪ್ಪಿನ ರಾಶಿ ಬಿಡಿಸಿದ್ದೆ ನಾನು. ಆಮೇಲೆ ಬಾಕಿ ಪುಟ ನೋಡ್ತಾ ನೋಡ್ತಾ ನನಗೇ ಹೆದರಿಕೆ ಹತ್ತಿತು. ಹೆಂಗಸರ ಉಡುಗೆ ಸರಿ ಇದೆಯಾ? ಮನೆಗಳ ಮಾಡು? ಹಿಂದೆ ಕಾಣೂ ಗುಡ್ಡದಲ್ಲಿ ಯಾವ ಮರ? ಮೇಲಿಂದ ಪ್ರಕಾಶಕರ ಹಟ ಬೇರೆ, ಕವರಿನ ಮೇಲೆ ಗಾಂಧೀಜಿ ಉಪ್ಪು ಎತ್ತಿ ಹಿಡಿದಿರಬೇಕಂತೆ, ಇಲ್ಲದಿದ್ರೆ ಪುಸ್ತಕ ಮಾರಾಟ ಆಗೂದಿಲ್ಲವಂತೆ. ನಿಮ್ಮ ಮನೆ ಹಿರಿಯರು ಹೇಳಿದ್ದು, ನೀವು ಕಣ್ಣಾರೆ ಕಂಡದ್ದು ಎಂತದಿದ್ರೂ ಹೇಳಿ. ಬೈದ್ರೂ ಅಡ್ಡಿಲ್ಲ.

ತದಡಿತಾರಿ
ಅಜ್ಜಿ ಹೇಳಿದ್ದು ಸರಿ. ನಮ್ಮ ಅಜ್ಜ ಸಾಣಿಕಟ್ಟಾ ಆಗರದಲ್ಲಿ ದುಡಿದವ, ಹಾಗಾಗಿ ಇದೊಂದು ನನಗೆ ಬಿಡಿ.

ಆಗರದ ಉಪ್ಪು ಬೆಳ್ಳಗೆ ಇರೂದಿಲ್ಲ. ಭರತದ ಹೊತ್ತಿಗೆ ಅಘನಾಶಿನಿಯ ಉಪ್ಪುನೀರನ್ನು ಹಲಗೆ ಬಾಗಿಲು ಎತ್ತಿ ಒಳಗೆ ಬಿಟ್ಕಂತಾರೆ. ಅದು ಮೊದಲು ದೊಡ್ಡ ಕೆರೆಯಂತಾ ಜಾಗದಲ್ಲಿ ನಿಲ್ತದೆ. ಅಲ್ಲಿ ಬಿಸಿಲಿಗೆ ಒಂದಿಷ್ಟು ಆರಿ ಗಟ್ಟಿಯಾದ ಮೇಲೆ ಮುಂದಿನ ಪಾತಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಕಡೆಗೆ ಬರೂದು ಕಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡಿದ ಜೇಡಿಮಣ್ಣಿನ ಸಣ್ಣ ಸಣ್ಣ ಚೌಕಕ್ಕೆ. ಹರಳು ಕಟ್ಟೂದು ಅಲ್ಲಿ. ಕೆಳಗೆ ಮಣ್ಣೇ ಇದ್ದ ಮೇಲೆ ಬಣ್ಣ ಎಲ್ಲಿ ಹೋಗ್ತದೆ? ಬೂದಿ, ಅದರಲ್ಲಿ ಚೂರು ಕಂದು. ಹೊಸದಾಗಿ ಎಳೆದು ಬದುವಿನ ಮೇಲೆ ಹಾಕಿದ ಗುಪ್ಪೆ ಒದ್ದೆ ಇರ್ತದೆ, ಇನ್ನೂ ಕಪ್ಪು ಕಾಣ್ತದೆ. ಒಣಗಿದ್ದು ಸ್ವಲ್ಪ ತಿಳಿ. ಒಂದೇ ಚಿತ್ರದಲ್ಲಿ ಎರಡೂ ನಮೂನೆ ಗುಪ್ಪೆ ಬಿಡಿಸಿ, ನೋಡಿದವರಿಗೆ ಇವಳು ಆಗರ ಕಂಡವಳು ಅಂತ ಗೊತ್ತಾಗ್ತದೆ.

ಇನ್ನೊಂದು. ಕೆಲಸದವರ ಕೈಗೆ ಸಲಿಕೆ ಕೊಡಬೇಡಿ. ಉಪ್ಪು ಎಳೆಯೂದು ಉದ್ದ ಹಿಡಿಕೆಗೆ ಅಡ್ಡ ಹಲಗೆ ಬಡಿದ ಸಾಧನದಲ್ಲಿ. ಸಲಿಕೆ ಹಾಕಿದ್ರೆ ತಳದ ಮಣ್ಣೂ ಎದ್ದು ಬರ್ತದೆ. ಹಾಗೆ ಮಾಡಿದವಗೆ ಅಜ್ಜ ಬೈತಿದ್ದ ಶಬ್ದ ಇಲ್ಲಿ ಬರೆಯೂ ಹಾಗಿಲ್ಲ.

ಕಾಟುಮಾವು
ಬರೀರಿ ಮಾರಾಯ್ರೆ, ಆ ಶಬ್ದವೂ ಇತಿಹಾಸವೇ.

ಬಾಳೆಗದ್ದೆಭಾವ
ನಾನು ಶಿರಸಿ ಬದಿಯವ, ಉಪ್ಪು ತಿಂದು ಗೊತ್ತೇ ಹೊರತು ಮಾಡಿ ಗೊತ್ತಿಲ್ಲೆ. ಆದರೂ ಒಂದು ಮಾತು. ಮಕ್ಕಳ ಪುಸ್ತಕ ಅಂದ್ಮೇಲೆ ನೋಡೂಕೆ ಚೊಲೋ ಇರಬೇಕು. ಬೂದಿ ಬಣ್ಣದ ಉಪ್ಪು ಬಿಡಿಸಿದ್ರೆ ಪೇಟೆ ಮಗು ಸಿಮೆಂಟು ಅಂದ್ಕತ್ತು. ಉಪ್ಪು ಬಿಳಿ ಅಂತ ಮಗುವಿಗೆ ಗೊತ್ತು, ಬಿಳಿಯೇ ಇರಲಿ. ಇಷ್ಟು ಸೂಕ್ಷ್ಮ ಎಂತಕ್ಕೆ?

ತದಡಿತಾರಿ
ಭಾವಾ, ಮಗುವಿಗೆ ಗೊತ್ತಿದ್ದನ್ನೇ ಮತ್ತೆ ತೋರಿಸೂಕೆ ಪುಸ್ತಕ ಯಾಕೆ ಬೇಕು? ಪ್ಯಾಕೆಟ್ ಮೇಲೆ ನೋಡ್ಕಳ್ಳಲಿ.

ನಿವೃತ್ತಮಾಸ್ತರ
ತಂಗಿ, ಮೊದಲು ಗಾಂಧೀಜಿ ವಿಷಯ. ಕವರಿನ ಮೇಲೆ ಅವರನ್ನು ಹಾಕಿದ್ರೆ ನಾನೇ ನಿಮ್ಮ ಮನೆ ಬಾಗಿಲಿಗೆ ಬಂದು ಸತ್ಯಾಗ್ರಹಕ್ಕೆ ಕೂರ್ತೇನೆ.

1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟು ಏಪ್ರಿಲ್ 6ಕ್ಕೆ ದಾಂಡಿಯಲ್ಲಿ ಉಪ್ಪು ಹಿಡಿದವರು ಗಾಂಧೀಜಿ. ಏಪ್ರಿಲ್ 13ರಂದೂ ಅವರು ಗುಜರಾತಿನ ಆ ಕಡಲಬದಿಯಲ್ಲೇ ಇದ್ದರು, ಮೇ ಮೊದಲ ವಾರ ಅಲ್ಲೇ ಬಂಧನವೂ ಆಯಿತು. ಅಂಕೋಲೆಯಲ್ಲಿ ಕಾಯ್ದೆ ಮುರಿದವರು ಎಂ.ಪಿ. ನಾಡಕರ್ಣಿಯವರು. ಸುತ್ತ ನಿಂತ ಜನ ಸುಮಾರು ನಲವತ್ತು ಸಾವಿರ ಅಂತ ಬರೆದಿದ್ದಾರೆ. ಗಾಂಧೀಜಿ ನಮ್ಮ ಜಿಲ್ಲೆಗೆ ಬಂದದ್ದು ನಾಲ್ಕು ವರ್ಷ ಬಿಟ್ಟು, 1934ರಲ್ಲಿ, ಹರಿಜನ ಪ್ರವಾಸದ ವೇಳೆ. ಆಗ ಶಿರಸಿಗೂ ಹೋಗಿದ್ದರು.

13ನೇ ತಾರೀಕು ಸುಮ್ಮನೆ ಆರಿಸಿದ್ದೂ ಅಲ್ಲ. 1919ರ ಜಲಿಯನ್‌ವಾಲಾಬಾಗ್ ನಡೆದ ದಿನ ಅದು. ಏಪ್ರಿಲ್ 6ರಿಂದ 13ರವರೆಗೆ ರಾಷ್ಟ್ರೀಯ ಸಪ್ತಾಹ ಅಂತ ಆಚರಿಸುತ್ತಿದ್ದರು. ಗಾಂಧೀಜಿ ಬಾರದೆಯೂ ಒಂದು ಊರಿಗೆ ಊರೇ ಎದ್ದು ನಿಂತಿತು. ಈ ಕತೆಯ ತಾಕತ್ತೇ ಅದು. ಅವರನ್ನು ತಂದು ಕವರಿನ ಮೇಲೆ ನಿಲ್ಲಿಸಿದ್ರೆ ನಮ್ಮ ಜನ ಮತ್ತೆ ಹಿಂದಿನ ಸಾಲಿಗೆ ಹೋದ ಹಾಗೆ.

ಇನ್ನು ಧ್ವಜ. ನೀವು ಹಾಕಿದ ಒಂದು ಕಚ್ಚಾ ಚಿತ್ರದಲ್ಲಿ ಕೇಸರಿ, ಬಿಳಿ, ಹಸಿರು ಕಾಣ್ತಿದೆ. ತಪ್ಪು. ಆ ಕ್ರಮದಲ್ಲಿ ಕಾಂಗ್ರೆಸ್ ಧ್ವಜ ಬಂದದ್ದು 1931ರಲ್ಲಿ. 1930ರ ಏಪ್ರಿಲ್‌ನಲ್ಲಿ ಜನರ ಕೈಲಿದ್ದದ್ದು ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮಧ್ಯೆ ಚರಕ. ಅಶೋಕ ಚಕ್ರವನ್ನಂತೂ ಕನಸಲ್ಲೂ ಹಾಕಬೇಡಿ, ಅದು 1947ರದ್ದು.

ಶಾಯಿಕಡ್ಡಿ
ಮಾಸ್ತರ್ರೇ, ಧ್ವಜದ ವಿಷಯಕ್ಕೆ ಕೈ ಮುಗಿದೆ. ನಾನು ಅಶೋಕ ಚಕ್ರವನ್ನೇ ಹಾಕಿ ಇಟ್ಟಿದ್ದೆ, ಚಿತ್ರ ಸಣ್ಣದಾದ್ದರಿಂದ ನಿಮಗೆ ಕಾಣಲಿಲ್ಲ ಅಷ್ಟೆ. ಮಾನ ಉಳಿಯಿತು.

ಕಡಲಕಾಗೆ
ನನ್ನನ್ನೂ ಚಿತ್ರದಲ್ಲಿ ಹಾಕಿ. ಕಡಲು ಅಂದ್ಮೇಲೆ ಕಡಲಕಾಗೆ ಬೇಡವಾ?

ಮಂಜಗುಣಿಹುಡುಗ
ಬೇಡ. ಕಡಲಕಾಗೆ ಚಳಿಗಾಲದ ನೆಂಟ. ಏಪ್ರಿಲ್ ನಡುವಿಗೆ ಹೆಚ್ಚಿನವು ಗಂಟುಮೂಟೆ ಕಟ್ಟಿ ಹೋಗಿರ್ತವೆ. ಬೆಳ್ಳಕ್ಕಿ ಬಿಡಿಸಿ, ಮೇಲೆ ಒಂದು ಗರುಡ ಸುತ್ತಲಿ. ಗದ್ದೆಯನ್ನೂ ಹಸಿರು ಮಾಡಬೇಡಿ ಅಕ್ಕ. ಏಪ್ರಿಲ್‌ನಲ್ಲಿ ಗದ್ದೆ ಒಣಗಿ ಬಾಯಿ ಬಿಟ್ಟಿರ್ತದೆ, ದನ ಅಡ್ಡಾಡ್ತಿರ್ತವೆ. ನಮ್ಮ ಕರಾವಳಿ ಅಂದ ಕೂಡಲೇ ಎಲ್ಲ ಕಲಾವಿದರೂ ಆಷಾಢದ ಹಸಿರು ಸುರೀತಾರೆ. ಬೇಸಿಗೆಯ ಅಂಕೋಲೆ ಅರ್ಧ ಕೆಂಪು, ಅರ್ಧ ಹುಲ್ಲಿನ ಹಳದಿ.

ಹಿಂದಿನ ಗುಡ್ಡಕ್ಕೆ ಅಕೇಶಿಯಾವನ್ನೂ ಹಾಕಬೇಡಿ. ಅದು ನಮ್ಮ ಅಪ್ಪ ಶಾಲೆಗೆ ಹೋಗೂ ಕಾಲಕ್ಕೆ ಸರಕಾರ ನೆಟ್ಟದ್ದು. ಗೇರು, ಮಾವು, ಹಲಸು ಸಾಕು.

ಗಂಗಾವಳಿ ಆಚೆಯಿಂದ ಬಂದ ಜನ ಸೇತುವೆ ದಾಟಿ ಬಂದದ್ದೂ ಅಲ್ಲ, ತಾರಿ ದಾಟಿ ಬಂದದ್ದು. ದೋಣಿ ತುಂಬ ಜನ, ಒಬ್ಬ ಹುಟ್ಟು ಹಾಕ್ತಿದ್ದಾನೆ. ಅದೊಂದೇ ಎರಡು ಪುಟ ತಿನ್ನಬಲ್ಲ ಚಿತ್ರ.

ಕಾಳಿದಂಡೆ
ಸೇತುವೆ ಅಂದ್ಮೇಲೆ ನೆನಪಾಯ್ತು. ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಕಾರವಾರ ಅಂತ ಬಿಡಿಸಿದ್ದು ಕಾಳಿ ಸೇತುವೆ, ಸದಾಶಿವಗಡ, ಒಂದು ಮೀನು. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ನದಿಗೆ ಬಿತ್ತು. ಮಾರನೇ ದಿನ ಅವಳು ಆ ಚಿತ್ರ ಹುಡುಕಿ ತೆಗೆದು ಸೇತುವೆಯ ನಡುವೆ ರಬ್ಬರಿನಿಂದ ಉಜ್ಜಿದಳು. "ಈಗ ಸರಿಯಾಯ್ತು" ಅಂದಳು.

ಜಾಜಿಮಲ್ಲೆ
ಅಯ್ಯೋ ಪುಟ್ಟಿ! ಆ ಚಿತ್ರ ಜೋಪಾನ ಮಾಡಿ ಇಡಿ.

ಬಾಳೆಗದ್ದೆಭಾವ
ಉಡುಗೆ ಬಗ್ಗೆ ಯಾರೂ ಹೇಳಿದ್ದಿಲ್ಲೆ. ನನ್ನ ಅಭಿಪ್ರಾಯ: ಹೆಂಗಸರೆಲ್ಲರಿಗೂ ಕುಪ್ಪಸ ಹಾಕಿ. ಕರಾವಳಿಯ ಹಾಲಕ್ಕಿ ಸಮುದಾಯದ ಹೆಂಗಸರು ಆಗ ಕುಪ್ಪಸ ತೊಡ್ತಿದ್ದಿಲ್ಲೆ ಅಂತ ನಂಗೂ ಗೊತ್ತಿದ್ದು. ಆದ್ರೆ ಶಾಲೆಗೆ ಹೋಗೂ ಪುಸ್ತಕ. ಯಾರಾದ್ರೂ ಒಬ್ಬ ಪಾಲಕ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ರೆ ಮುಗೀತು ಕತೆ.

ಸುಗ್ಗಿಮನೆ
ನಾನು ಹಾಲಕ್ಕಿ. ಇಲ್ಲಿ ಯಾವತ್ತೂ ಬರೆದವ ಅಲ್ಲ, ಓದಿ ಸುಮ್ಮನೆ ಹೋಗ್ತಿದ್ದೆ. ಇವತ್ತು ಬರೀತೇನೆ.

ನಮ್ಮ ಅಜ್ಜಿಯ ಉಡುಗೆಯಲ್ಲಿ ಮುಚ್ಚಿಡೂ ಅಂಥದ್ದು ಎಂತದೂ ಇಲ್ಲ. ಸೀರೆಯನ್ನು ಬೆನ್ನಿನಿಂದ ತಂದು ಹೆಗಲ ಮೇಲೆ ಗಂಟು ಹಾಕ್ತಿದ್ದರು, ಕುತ್ತಿಗೆಯಿಂದ ಎದೆ ಮುಚ್ಚೂವಷ್ಟು ಮಣಿಸರ. ಇಡೀ ದಿನ ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡೂಕೆ ಅದಕ್ಕಿಂತ ಅನುಕೂಲದ ಉಡುಗೆ ಇಲ್ಲ ಅಂತಿದ್ದರು ಅಜ್ಜಿ. 2017ರಲ್ಲಿ ಪದ್ಮಶ್ರೀ ಬಂದ ಸುಕ್ರಿ ಬೊಮ್ಮಗೌಡರ ಫೋಟೋ ಎಲ್ಲರೂ ನೋಡಿದ್ದೀರಿ. ತುಳಸಿ ಗೌಡರು 2021ರಲ್ಲಿ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ, ರಾಷ್ಟ್ರಪತಿ ಭವನದಲ್ಲಿ ನಡೆದು ಹೋಗಿ ಪದ್ಮಶ್ರೀ ತಗಂಡು ಬಂದರು. ರಾಷ್ಟ್ರಪತಿ ಭವನಕ್ಕೆ ನಡೀತದೆ, ಒಂದನೇ ಕ್ಲಾಸಿಗೆ ನಡೆಯೂದಿಲ್ಲವೋ?

ನನ್ನ ಬೇಸರ ಕುಪ್ಪಸದ್ದಲ್ಲ. ಅಂಕೋಲೆಯ ಚಿತ್ರ ಅಂದ್ರೆ ಸಾಕು, ಒಂದು ಮೂಲೆಯಲ್ಲಿ ನಾಲ್ಕು ಹಾಲಕ್ಕಿ ಹೆಂಗಸರನ್ನು ಹೂಕುಂಡದ ಹಾಗೆ ನಿಲ್ಲಿಸ್ತಾರೆ. ನಾಲ್ವರಿಗೂ ಒಂದೇ ಮುಖ, ಒಂದೇ ನಗು. ಮಣಿಗಳನ್ನು ಒಂದೊಂದಾಗಿ ಬಿಡಿಸ್ತಾರೆ, ಕಣ್ಣಿಗೆ ಎರಡು ಚುಕ್ಕೆ ಇಟ್ಟು ಕೈ ತೊಳ್ಕಂತಾರೆ. ಅಕ್ಕ, ನೀವು ಒಬ್ಬರನ್ನೇ ಬಿಡಿಸಿ ಅಡ್ಡಿಲ್ಲ. ಅವರಿಗೆ ಒಂದು ಮುಖ ಕೊಡಿ, ಕೈಗೆ ಒಂದು ಕೆಲಸ ಕೊಡಿ. ನೀರು ಹೊರಲಿ, ಮಗುವಿಗೆ ಬೈಯಲಿ, ಪೋಲೀಸನ್ನ ದುರುಗುಟ್ಟಿ ನೋಡಲಿ.

ಬಾಳೆಗದ್ದೆಭಾವ
ತಪ್ಪಾತು. ನಾನು ಹೆದರಿಕೊಂಡು ಹೇಳಿದ್ದು, ಕೀಳು ಮಾಡಿ ಅಲ್ಲ. ನೀವು ಹೇಳಿದ್ದು ಸರಿ ಇದ್ದು.

ಶಾಯಿಕಡ್ಡಿ
ಸುಗ್ಗಿಮನೆಯವರೇ, ಹೂಕುಂಡ ಅಂದಿರಲ್ಲ, ನನ್ನ ಒಂಬತ್ತನೇ ಪುಟದಲ್ಲಿ ಸರಿಯಾಗಿ ನಾಲ್ವರೇ ಇದ್ದಾರೆ, ಮೂಲೆಯಲ್ಲಿ. ಇವತ್ತು ರಾತ್ರಿ ಅಳಿಸ್ತೇನೆ.

ಬೆಂಗ್ಳೂರಲ್ಲಿಕುಮಟೆಯವ
ಇಷ್ಟೆಲ್ಲ ತಲೆಬಿಸಿ ಯಾಕೆ? ಎಐಗೆ ಹೇಳಿ, ಅರ್ಧ ನಿಮಿಷದಲ್ಲಿ ಮಾಡಿ ಕೊಡ್ತದೆ. ನಾನು ಈಗಷ್ಟೇ "ಅಂಕೋಲೆ ಉಪ್ಪಿನ ಸತ್ಯಾಗ್ರಹ" ಅಂತ ಹಾಕಿ ನೋಡಿದೆ, ಬೆಂಕಿ ಬಂದಿದೆ.

ಕಾಟುಮಾವು
ಹಾಕಿ ನೋಡುವಾ.

ಬೆಂಗ್ಳೂರಲ್ಲಿಕುಮಟೆಯವ
(ಚಿತ್ರ ಲಗತ್ತಿಸಲಾಗಿದೆ)

ಮಂಜಗುಣಿಹುಡುಗ
ಎಡಗಡೆ ಒಂಟೆ ಇದೆಯಲ್ಲ ಅಣ್ಣ, ಅದು ಯಾವ ತಾರಿಯಲ್ಲಿ ಬಂತು?

ತದಡಿತಾರಿ
ಒಂಟೆ ಬಿಡು. ಹೆಂಗಸರು ಘಾಗ್ರಾ ಹಾಕಿದ್ದಾರೆ. ಉಪ್ಪು ಮತ್ತೆ ಹಿಮಾಲಯ.

ಬೆಂಗ್ಳೂರಲ್ಲಿಕುಮಟೆಯವ
ಸರಿ ಸರಿ, ವಾಪಸ್ ತಗಂಡೆ.

ಜಾಜಿಮಲ್ಲೆ
ವಿಷಯ ಬಿಟ್ಟು ಹೋಗ್ತಿದ್ದೇನೆ, ಕ್ಷಮಿಸಿ. ಉಪ್ಪಿನ ಬದಲು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕತೆ ಯಾಕೆ ಮಾಡಲಿಲ್ಲ? ಪೋರ್ಚುಗೀಸರೇ ಕಾಳುಮೆಣಸಿನ ರಾಣಿ ಅಂತ ಕರೆದವಳು, ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳು. ಹಡಗು, ಕೋಟೆ, ಮೆಣಸು, ಯುದ್ಧ, ಚಿತ್ರಕ್ಕೆ ಬೇಕಾದ್ದೆಲ್ಲ ಇದೆ. ಮಿರ್ಜಾನ ಕೋಟೆ ಕುಮಟೆಯಿಂದ ಕೂಗಳತೆಯಲ್ಲಿದೆ.

ನಿವೃತ್ತಮಾಸ್ತರ
ಅದರಲ್ಲಿ ಕಷ್ಟ ಇನ್ನೂ ಜಾಸ್ತಿ. ರಾಣಿಯನ್ನು ಕಂಡು ಬಿಡಿಸಿದ ಚಿತ್ರ ಯಾವುದೂ ನಮ್ಮ ಕೈಲಿಲ್ಲ. ಯಾರೋ ಒಬ್ಬರು ಕಿತ್ತೂರು ಚೆನ್ನಮ್ಮನ ಹಾಗೆ ಕುದುರೆ ಹತ್ತಿಸಿ ಕತ್ತಿ ಕೊಟ್ಟು ಬಿಡಿಸಿದ್ರೆ ಮುಂದಿನ ಐವತ್ತು ವರ್ಷ ಅದೇ ಅವಳ ಮುಖ. ಚೆನ್ನಮ್ಮನಿಗೂ ಇವಳಿಗೂ ಎರಡು ನೂರು ವರ್ಷದ ಅಂತರ. ಆಕೆ ಜೈನ ರಾಣಿ, ಶರಾವತಿ ದಂಡೆಯ ಕಾಡಿನ ಆ ಚತುರ್ಮುಖ ಬಸದಿಯಲ್ಲಿ ಅರ್ಧ ದಿನ ಕೂತು, ಆಮೇಲೆ ಪೆನ್ಸಿಲು ಹಿಡಿಯಬೇಕು.

ಕಾಳಿದಂಡೆ
ರಾಣಿಯ ಚಿತ್ರ ಬಿಡಿಸಿದವರೆಲ್ಲ ಸಮುದ್ರದ ದಂಡೆಗೆ ಗಾಳಿಮರದ ಸಾಲು ಹಾಕ್ತಾರೆ, ನೋಡಿದ್ದೀರಾ? ನಮ್ಮ ಕರಾವಳಿಗೆ ಗಾಳಿಮರ ಬಂದದ್ದೇ ಬ್ರಿಟಿಷರ ಕಾಲಕ್ಕೆ, ಅರಣ್ಯ ಇಲಾಖೆ ನೆಟ್ಟದ್ದು. ರವೀಂದ್ರನಾಥ ಟಾಗೋರರು 1880ರ ದಶಕದ ಮೊದಲಿಗೆ ಕಾರವಾರಕ್ಕೆ ಬಂದಾಗ, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ದಂಡೆಯಲ್ಲಿ ಆ ಮರಗಳಿದ್ದವು. ಅವರೇ ಬರೆದಿದ್ದಾರೆ. ಟಾಗೋರರ ಕತೆಗೆ ಗಾಳಿಮರ ಹಾಕಿ. ರಾಣಿಗೆ ತೆಂಗು, ಹೊನ್ನೆ, ಕೇದಗೆ.

ಕಾಟುಮಾವು
ರಾಣಿಯ ಊಟದ ಬಾಳೆಗೆ ಕೆಂಪು ಮೆಣಸಿನಕಾಯಿ ಇಟ್ಟ ಚಿತ್ರವನ್ನೂ ನಾನು ಕಂಡಿದ್ದೇನೆ. ಕಾಳುಮೆಣಸಿನ ರಾಣಿಗೆ ಬ್ಯಾಡಗಿ ಮೆಣಸು!

ಜಾಜಿಮಲ್ಲೆ
ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಗೋವೆಗೆ ಅಷ್ಟೊತ್ತಿಗೇ ಬಂದಿತ್ತಲ್ಲ? ಇದ್ದರೂ ಇರಬಹುದು.

ಕಾಟುಮಾವು
ಗೋವೆಗೆ ಬಂದದ್ದು ಗೇರುಸೊಪ್ಪೆಯ ಒಗ್ಗರಣೆಗೆ ಬೀಳೂಕೆ ಕಾಲ ಬೇಕು. ಮನೆ ತುಂಬ ಕಾಳುಮೆಣಸು ಇದ್ದವಳು ಯಾಕೆ ತಗೋತಾಳೆ?

ಶಾಯಿಕಡ್ಡಿ
ಅಣ್ಣಂದಿರೇ ಅಕ್ಕಂದಿರೇ, ರಾಣಿಯನ್ನು ಮುಂದಿನ ಪುಸ್ತಕಕ್ಕೆ ಇಡುವಾ. ಈಗ ನನ್ನ ತಲೆ ತಿನ್ತಿರೂದು ಹನ್ನೆರಡನೇ ಪುಟ: ಪೋಲೀಸರು. ಆರು ವರ್ಷದ ಮಗುವಿಗೆ ಲಾಠಿ ಏಟು ತೋರಿಸೂದಾ ಬೇಡವಾ?

ಜಾಜಿಮಲ್ಲೆ
ಬೇಡ. ರಾತ್ರಿ ಮಲಗುವಾಗ ಓದೂ ಪುಸ್ತಕ.

ಸುಗ್ಗಿಮನೆ
ಪೂರ್ತಿ ತೆಗೆದ್ರೆ ಅದು ಪಿಕ್‌ನಿಕ್ ಆಗ್ತದೆ.

ನಿವೃತ್ತಮಾಸ್ತರ
ಹೌದು. ಅಂಕೋಲೆ, ಶಿರಸಿ, ಸಿದ್ದಾಪುರದ ಜನ ಬರೀ ಉಪ್ಪಿಗೆ ನಿಲ್ಲಿಸಲಿಲ್ಲ, ಮುಂದೆ ಕರ ನಿರಾಕರಣೆಗೂ ಇಳಿದರು. ಜಮೀನು ಜಪ್ತಿ ಆಯಿತು, ಮನೆಯ ಪಾತ್ರೆ ಪಗಡೆ, ದನಕರು ಹರಾಜಾಯಿತು. ಆ ಜಮೀನು ಕೊಂಡವರ ಮನೆ ಮುಂದೆ ಸಿದ್ದಾಪುರದ ಕಡೆಯ ಹೆಂಗಸರು ಉಪವಾಸ ಕೂತರು. ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆಯೇ ಜಮೀನು ವಾಪಸ್ ಬಂದದ್ದು. ಇಷ್ಟೆಲ್ಲ ಕಷ್ಟ ಇಲ್ಲದಿದ್ರೆ, ಕರ ನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಗೆ ಹೋಲಿಸಿ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಅಂತ ಸುಮ್ಮನೆ ಕರೆಯುತ್ತಿದ್ದರೇ?

ನಮ್ಮ ತಾಯಿ ಹೇಳ್ತಿದ್ದ ಕತೆ ಒಂದಿದೆ. ಜಪ್ತಿಗೆ ಬಂದವರು ಅನ್ನ ಬೇಯುತ್ತಿದ್ದ ತಪ್ಪಲೆಯನ್ನೇ ಒಲೆಯ ಮೇಲಿಂದ ಎತ್ತಿದರಂತೆ. ಅನ್ನ ಬಾಳೆಎಲೆಗೆ ಸುರಿದು ತಪ್ಪಲೆ ಒಯ್ದರು. ತಾಯಿ ಆಗ ಸಣ್ಣ ಹುಡುಗಿ. ಅವಳಿಗೆ ಕಡೆತನಕ ನೆನಪಿದ್ದದ್ದು ಲಾಠಿಯೂ ಅಲ್ಲ, ಟೋಪಿಯೂ ಅಲ್ಲ. ಅರ್ಧ ಬೆಂದ ಅನ್ನ.

ಶಾಯಿಕಡ್ಡಿ
ಮಾಸ್ತರ್ರೇ... ಈ ತಪ್ಪಲೆಯನ್ನು ನಾನು ಬಿಡಿಸಬಹುದಾ?

ನಿವೃತ್ತಮಾಸ್ತರ
ಬಿಡಿಸಿ. ತಪ್ಪಲೆ ಹಿತ್ತಾಳೆಯದು, ಹೊರಗೆ ಮಸಿ ಹಿಡಿದಿತ್ತು. ಹೊಳಪು ಕೊಡಬೇಡಿ.

ಮಂಜಗುಣಿಹುಡುಗ
ಪೋಲೀಸರಿಗೆ ಈಗಿನ ಖಾಕಿ ಪ್ಯಾಂಟು ಹಾಕಬೇಡಿ ಅಕ್ಕ. ಚಡ್ಡಿ, ಮೊಣಕಾಲಿನ ಕೆಳಗೆ ಸುತ್ತಿದ ಬಟ್ಟೆ ಪಟ್ಟಿ. ಏಟು ತೋರಿಸದೆ, ಮಗುವಿನ ಎತ್ತರದಿಂದ ಕಾಣೂದಷ್ಟೇ ತೋರಿಸಿ: ಪಟ್ಟಿ ಸುತ್ತಿದ ಆರು ಕಾಲು, ಮಧ್ಯೆ ಒಂದು ಲಾಠಿಯ ತುದಿ. ಮುಖವೇ ಬೇಡ.

ಸುಗ್ಗಿಮನೆ
ಇದು ಚೊಲೋ ಇದೆ. ಮಗುವಿಗೆ ಹೆದರಿಕೆ ಎಷ್ಟು ಬೇಕೋ ಅಷ್ಟೇ ಆಗ್ತದೆ.

ಅಚ್ಚುಮೊಳೆ
ನಾನು ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ದುಡಿದವ, ಅಚ್ಚಿನ ಬಗ್ಗೆ ನಾಲ್ಕು ಮಾತು ಹೇಳಿ ಹೋಗ್ತೇನೆ. ಪಿನ್ ಹೊಡೆಯೂ ಪುಸ್ತಕ ಆದ್ರೆ ಪುಟ ನಾಲ್ಕರ ಲೆಕ್ಕದಲ್ಲೇ ಬರಬೇಕು, 24 ಸರಿ ಇದೆ. ಅದರಲ್ಲಿ ಶೀರ್ಷಿಕೆ, ಹಕ್ಕುಪುಟ ಅಂತ ಮೊದಲೇ ಎರಡು ಹೋಗ್ತದೆ, ಕತೆಯವರಿಗೆ ಈಗಲೇ ಹೇಳಿಡಿ. ಎರಡು ಪುಟ ಹರಡಿದ ಚಿತ್ರದಲ್ಲಿ ನಡುಮಡಿಕೆಗೆ ಯಾರ ಮುಖವೂ ಬೀಳದ ಹಾಗೆ ನೋಡಿ. ಒಂದು ಪುಸ್ತಕದಲ್ಲಿ ವೀರರೊಬ್ಬರ ಮೂಗಿಗೇ ಪಿನ್ ಹೊಡೆದ ಪಾಪ ನನ್ನ ಮೇಲಿದೆ.

ಕನ್ನಡ ಅಕ್ಷರಕ್ಕೆ ಜಾಗ ಜಾಸ್ತಿ ಬಿಡಿ. ಇಂಗ್ಲಿಷ್ ಪುಸ್ತಕದ ಅಳತೆ ನೋಡಿ ಜಾಗ ಬಿಟ್ರೆ ಕೆಟ್ಟಿತು. "ಸ್ವಾತಂತ್ರ್ಯ" ಅಂತ ಬರೆದು ನೋಡಿ, ಕೆಳಗೆ ಒತ್ತಿನ ಮೇಲೆ ಒತ್ತು ನೇತಾಡ್ತದೆ, ಅದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗ್ತದೆ. ಅಕ್ಷರ ಕಲೀತಿರೂ ಮಗುವಿಗೆ ಅಲ್ಲೇ ಗೊಂದಲ. ಮತ್ತೆ ನಮ್ಮ ಕೆಮ್ಮಣ್ಣಿನ ಕೆಂಪು ಕಂಪ್ಯೂಟರಿನಲ್ಲಿ ಚಂದ ಕಾಣ್ತದೆ, ಅಚ್ಚಿನಲ್ಲಿ ಕಾಫಿಪುಡಿ ಆಗ್ತದೆ. ಒಂದು ಹಾಳೆ ಪರೀಕ್ಷೆಗೆ ತೆಗೆಸಿ ನೋಡದೆ ಸಹಿ ಹಾಕಬೇಡಿ.

ಬಾಳೆಗದ್ದೆಭಾವ
ಕೆಂಪು ಅಂದಾಗ ಒಂದು ತೋಚ್ತು. ನಮ್ಮ ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಚಿತ್ರ ನೋಡಿದ್ದಿರಾ? ಬಿಳೀ ಸುಣ್ಣದ ಗಾರೆಯ ಮೇಲೆ ಕೆಂಪು ಗಾರೆ ಬಳೀತ. ಅದು ಹಸಿ ಇರೂವಾಗಲೇ ಚೂಪು ಕಡ್ಡಿಯಿಂದ ಕೆರೆದರೆ ಒಳಗಿನ ಬಿಳಿ ಮೇಲೆ ಬತ್ತು. ಇಡೀ ಚಿತ್ರ ಕೆಂಪು, ಬಿಳಿ ಎರಡರಲ್ಲೇ. ಕೊಂಕಣ ಕರಾವಳಿಯ ಕಲೆ, ಈಗ ಮಾಡೂವವರೇ ಅಪರೂಪ. ಪುಸ್ತಕ ಪೂರ್ತಿ ಆ ಶೈಲಿಯಲ್ಲಿ ಮಾಡಿದ್ರೆ? ಎರಡೇ ಬಣ್ಣ, ಅಚ್ಚಿನ ಖರ್ಚೂ ಉಳಿತು.

ಅಚ್ಚುಮೊಳೆ
ಎರಡು ಬಣ್ಣ ಅಲ್ಲ, ಒಂದೇ. ಬಿಳಿ ಅಂದ್ರೆ ಕಾಗದವೇ.

ಕಾಳಿದಂಡೆ
ದೇವರ ಗುಡಿಯ ಶೈಲಿಯಲ್ಲಿ ಸತ್ಯಾಗ್ರಹ ಮಾಡಿದ್ರೆ ನಾಡಕರ್ಣಿಯವರಿಗೆ ನಾಲ್ಕು ಕೈ ಬರ್ತದೆ ಅಷ್ಟೆ. ಪುರಾಣ ಆಗಿಬಿಡ್ತದೆ.

ಮಂಜಗುಣಿಹುಡುಗ
ಹಾಗಾದ್ರೆ ಹಸೆ ಚಿತ್ತಾರ?

ಜಾಜಿಮಲ್ಲೆ
ನಮ್ಮದು ಸಿದ್ದಾಪುರ, ದೀವರ ಮನೆ. ಹಸೆ ಚಿತ್ತಾರ ಮದುವೆ ಮನೆಯ ಗೋಡೆಗೆ ಬರೆಯೂದು, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯೂದು. ಕೆಮ್ಮಣ್ಣು ಬಳಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಒಂದೊಂದು ಎಳೆಗೂ ಹೆಸರಿದೆ. ಸುಮ್ಮನೆ ಪುಟದ ಅಂಚಿಗೆ ಡಿಸೈನ್ ಅಂತ ಹಾಕೂ ಸಾಮಾನಲ್ಲ ಅದು. ಬೇಕು ಅಂದ್ರೆ ಬರೆಯೂ ಹೆಂಗಸರ ಹತ್ತಿರವೇ ಬರೆಸಿ, ದುಡ್ಡು ಕೊಡಿ, ಪುಸ್ತಕದಲ್ಲಿ ಹೆಸರು ಹಾಕಿ.

ಮಂಜಗುಣಿಹುಡುಗ
ಒಪ್ಪಿದೆ ಅಕ್ಕ. ಕರಾವಳಿಯ ಕತೆಗೆ ಅದು ಹೊಂದೂದೂ ಕಷ್ಟ.

ಕಡಲಕಾಗೆ
ಈ ಎಳೆ ಓದಿ ಉಪ್ಪಿನಕಾಯಿ ನೆನಪಾಗಿ ಬಾಯಲ್ಲಿ ನೀರು. ನಮ್ಮ ಅತ್ತೆ ಅಪ್ಪೆಮಿಡಿಗೆ ಪ್ಯಾಕೆಟ್ ಉಪ್ಪು ಮುಟ್ಟಿಸೂದಿಲ್ಲ. ಸಾಣಿಕಟ್ಟಾದ ಹರಳುಪ್ಪೇ ಬೇಕು, ಇಲ್ಲದಿದ್ರೆ ಮಿಡಿ ಮೆತ್ತಗಾಗ್ತದೆ ಅಂತಾಳೆ.

ಬಾಳೆಗದ್ದೆಭಾವ
ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ. ನಮ್ಮಲ್ಲೂ ಅದೇ ಕ್ರಮ. ಘಟ್ಟದ ಮಿಡಿ, ಕೆಳಗಿನ ಉಪ್ಪು.

ತದಡಿತಾರಿ
ನೋಡಿದ್ರಾ ಭಾವ, ನಿಮ್ಮ ಭರಣಿಗೆ ಬೂದಿ ಬಣ್ಣದ ಉಪ್ಪು ಆಗ್ತದೆ, ಪುಸ್ತಕಕ್ಕೆ ಆಗೂದಿಲ್ಲ.

ಬಾಳೆಗದ್ದೆಭಾವ
ಸೋತೆ ಮಾರಾಯ. ಬಿಡು.

ಶಾಯಿಕಡ್ಡಿ
ಹತ್ತು ದಿನ ಆಯಿತು, ಏನಾಯ್ತು ಅಂತ ಹೇಳಬೇಕಲ್ಲ.

ತದಡಿತಾರಿಯವರ ಮಾತು ಕೇಳಿ ಎರಡು ದಿನ ಬೆಳಿಗ್ಗೆ ಸಾಣಿಕಟ್ಟಾಕ್ಕೆ ಹೋಗಿ ಕೂತೆ. ಬಣ್ಣ ತಗಂಡು ಹೋಗಿದ್ದೆ, ಒಂದೂ ಹೊಂದಲಿಲ್ಲ. ಕಡೆಗೆ ಅಲ್ಲಿಯದೇ ಒಂದು ಹಿಡಿ ಜೇಡಿ ತಂದು ನೀರಲ್ಲಿ ಕದಡಿ, ಸೋಸಿ, ಅಂಟು ಹಾಕಿ ಅದರಲ್ಲೇ ಉಪ್ಪಿನ ಗುಪ್ಪೆ ಬಿಡಿಸಿದೆ. ಅಜ್ಜಿಗೆ ತೋರಿಸಿದೆ. ಈ ಸಲ ಎಂತದೂ ಹೇಳಲಿಲ್ಲ, ಮುಂದಿನ ಪುಟ ತಿರುಗಿಸಿದರು.

ಕಾವಿ ಬಗ್ಗೆ ಬಾಳೆಗದ್ದೆ ಭಾವನ ಮಾತು ಪೂರ್ತಿ ಬಿಡೂಕೆ ಮನಸ್ಸಾಗಲಿಲ್ಲ. ಒಂದೇ ಕಡೆ ಮಾಡಿದ್ದೇನೆ. ಕತೆಯಲ್ಲಿ ಹುಡುಗಿಯ ಮನೆಯಲ್ಲೂ ಮಡಕೆಯಲ್ಲಿ ಸಮುದ್ರದ ನೀರು ಕಾಯಿಸಿ ಕದ್ದು ಉಪ್ಪು ಮಾಡ್ತಾರೆ. ಕಾಯಿಸಿ ಬತ್ತಿಸಿದ ಉಪ್ಪು ಆಗರದ್ದಕ್ಕಿಂತ ಸಣ್ಣ, ಬೆಳ್ಳಗೆ ಇರ್ತದೆ, ನಾನೇ ಒಲೆಯ ಮೇಲೆ ಕಾಯಿಸಿ ನೋಡಿದೆ (ಮೂರು ಚೆಂಬು ಸೋಸಿದ ನೀರಿಗೆ ಒಂದು ಮುಷ್ಟಿಯೂ ಪೂರ್ತಿ ಆಗಲಿಲ್ಲ, ಗ್ಯಾಸ್ ಖರ್ಚು ಪ್ರಕಾಶಕರು ಕೊಡೂದಿಲ್ಲ). ಆ ಪುಟವನ್ನು ಪೂರ್ತಿ ಕೆಂಪು ಮಾಡಿ, ಮಡಕೆಯ ತಳದ ಉಪ್ಪನ್ನು ಮಾತ್ರ ಬ್ಲೇಡಿನಿಂದ ಕೆರೆದೆ. ಇಡೀ ಪುಸ್ತಕದಲ್ಲಿ ಬೆಳ್ಳಗಿರೂ ಉಪ್ಪು ಅದೊಂದೇ.

ಧ್ವಜ ಬದಲಾಯಿತು. ಕಡಲಕಾಗೆ ಹಾರಿ ಹೋಯಿತು. ತಾರಿಗೆ ಎರಡು ಪುಟ. ನಲವತ್ತು ಸಾವಿರ ಜನ ಹೇಗೆ ಬಿಡಿಸೂದು ಅಂತ ಕೈ ಸೋತು, ಕಡೆಗೆ ಹುಡುಗಿ ಅಪ್ಪನ ಹೆಗಲಿಂದ ನೋಡಿದ ಹಾಗೆ ಬರೀ ತಲೆ ಬಿಡಿಸಿದೆ. ಮುಂಡಾಸು, ಟೋಪಿ, ತುರುಬು, ಬೋಳು. ಹತ್ತಿರದ್ದಕ್ಕೆ ಕಿವಿ ಮೂಗು, ದೂರ ಹೋದ ಹಾಗೆ ಚುಕ್ಕೆ. ಮೂಲೆಯ ನಾಲ್ವರು ಹೋದರು. ಅವರ ಬದಲು ಒಬ್ಬರು ಹಾಲಕ್ಕಿ ಅಜ್ಜಿ, ಪುಟದ ನಡುವೆ, ತಲೆ ಮೇಲೆ ನೀರಿನ ಕೊಡ. ಅವರ ಎದುರು ಪಟ್ಟಿ ಸುತ್ತಿದ ಆರು ಕಾಲು. ಅಜ್ಜಿ ದಾರಿ ಬಿಡ್ತಾ ಇಲ್ಲ. ತಪ್ಪಲೆ ಕೊನೆಯಿಂದ ಎರಡನೇ ಪುಟದಲ್ಲಿದೆ ಮಾಸ್ತರ್ರೇ, ಮಸಿ ಸಮೇತ.

ಕವರಿನ ಜಗಳ ಇನ್ನೂ ಮುಗಿದಿಲ್ಲ. ಪ್ರಕಾಶಕರಿಗೆ ಗಾಂಧೀಜಿ ಬೇಕೇ ಬೇಕಂತೆ. ನಾನು ಹುಡುಗಿಯ ತಲೆಗೆ ಅವಳ ಅಳತೆಗಿಂತ ದೊಡ್ಡ ಗಾಂಧಿ ಟೋಪಿ ಹಾಕಿ ಕಳಿಸಿದ್ದೇನೆ. ಕಣ್ಣು ಮುಚ್ಚೂವಷ್ಟು ದೊಡ್ಡದು. ಒಂದು ಕೈಯಲ್ಲಿ ಟೋಪಿ ಎತ್ತಿ ನೋಡ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಉಪ್ಪು ಹಚ್ಚಿದ ಮಾವಿನಕಾಯಿ. ನೋಡುವಾ ಎಂತ ಹೇಳ್ತಾರೆ.

ನಿವೃತ್ತಮಾಸ್ತರ
ಟೋಪಿಗೆ ನನ್ನ ಒಪ್ಪಿಗೆ ಇದೆ. ಸತ್ಯಾಗ್ರಹ ಹಿಂದಕ್ಕೆ ತಗಂಡೆ.

ಸುಗ್ಗಿಮನೆ
ಆ ಅಜ್ಜಿಯ ಪುಟದ ಫೋಟೋ ಒಂದು ಕಳಿಸ್ತೀರಾ? ನಮ್ಮ ಅಮ್ಮನಿಗೆ ತೋರಿಸಬೇಕು.

ಶಾಯಿಕಡ್ಡಿ
ಅಚ್ಚಾದ ಮೇಲೆ ಪುಸ್ತಕವನ್ನೇ ತಂದು ಕೊಡ್ತೇನೆ. ಫೋಟೋ ಈಗಲೇ ಕಳಿಸಿದೆ, ನೋಡಿ.

ಕಾಟುಮಾವು
ಕವರಿನ ಮಾವಿನಕಾಯಿ ಯಾವುದು? ಉದ್ದಕ್ಕೆ, ಇಶಾಡಿನ ಹಾಗೆ ಕಾಣ್ತದೆ.

ಶಾಯಿಕಡ್ಡಿ
ಇಶಾಡೇ. ಅಂಕೋಲೆ ಅಂದ್ಮೇಲೆ ಇಶಾಡು ಅಲ್ಲವಾ? ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬೇರೆ ಬಂದಿದೆ.

ಕಾಟುಮಾವು
ಅಯ್ಯೋ ಮಾರಾಯ್ತಿ, ಇಶಾಡನ್ನ ಯಾರಾದ್ರೂ ಕಾಯಿ ಕೊಯ್ದು ಉಪ್ಪು ಹಚ್ಚಿ ತಿಂತಾರಾ? ಹಣ್ಣಿಗೆ ಅಂತ ಕಾದು ಇಡೂದು. ಆ ಹುಡುಗಿಯ ಅಪ್ಪ ಕಂಡ್ರೆ ಪೋಲೀಸರಿಗಿಂತ ಮೊದಲು ಅವನೇ ಬೆತ್ತ ತೆಗೀತಾನೆ. ಕಾಟು ಮಾವು ಬಿಡಿಸಿ, ಸಣ್ಣದು, ಉರುಟು, ತೊಟ್ಟಲ್ಲಿ ಸೊನೆ.

ಶಾಯಿಕಡ್ಡಿ
ರಬ್ಬರು ಎಲ್ಲಿಟ್ಟೆನೋ.